ಬಿ-ಟೂನ ಜೇಡಗಣತಿ

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ನೆಲದ ಕೆಳಗೆ ಎರಡು ಅಂತಸ್ತು ಇಳಿಯುತ್ತದೆ. ಮೇಲಿನದಕ್ಕೆ ಬಿ-ಒನ್, ಅದರ ಕೆಳಗಿನದಕ್ಕೆ ಬಿ-ಟೂ ಎಂದು ಹೆಸರು. ಬಿ-ಒನ್ ಮೊದಲು ಬಂದು ಮನೆ ಕೊಂಡವರ ಪಾಲು, ಬಿ-ಟೂ ಕೊನೆಗೆ ಬಂದವರ ಪಾಲು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿ, ನಿವೃತ್ತಿಯಾದ ಮೇಲೆ ಬನಶಂಕರಿ ಮೂರನೇ ಹಂತದ ಈ ಕಟ್ಟಡಕ್ಕೆ ಬಂದ ನಾನು ಎಲ್ಲರಿಗಿಂತ ಕೊನೆಯವಳು. ಹಾಗಾಗಿ ನನ್ನ ಹಳೇ ಸ್ಕೂಟರಿಗೆ ಸಿಕ್ಕಿದ್ದು ಬಿ-ಟೂನ ತೀರಾ ಒಳಮೂಲೆ, ಹದಿನೇಳನೇ ಕಂಬದ ಪಕ್ಕ. ಅಲ್ಲಿಗೆ ಬಿಸಿಲು ಬರುವುದಿಲ್ಲ, ಗಾಳಿ ಬರುವುದಿಲ್ಲ, ಮೊಬೈಲ್ ಸಿಗ್ನಲ್ ಬರುವುದಿಲ್ಲ, ಅಸೋಸಿಯೇಷನ್ನಿನವರಂತೂ ಬರುವುದೇ ಇಲ್ಲ. ನನಗೆ ಜಾಗ ಬಹಳ ಹಿಡಿಸಿತು.

ಒಂದು ಬೆಳಿಗ್ಗೆ ಸ್ಕೂಟರ್ ತೆಗೆಯುವಾಗ ಅದರ ಕನ್ನಡಿ ಕಂಬದ ಹತ್ತಿರದ ಜೇಡರಬಲೆಗೆ ತಗುಲಿತು. ಹೊಟ್ಟೆ ಅಕ್ಕಿಕಾಳಿನಷ್ಟು, ಕಾಲು ಮಾತ್ರ ಬೆರಳುದ್ದ ಇದ್ದ ಜೇಡವೊಂದು ಅದರಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಬಲೆ ಅಲುಗಿದ್ದೇ ತಡ, ಅದು ಗರಗರ ತಿರುಗತೊಡಗಿತು. ಎಷ್ಟು ಜೋರಾಗಿ ಎಂದರೆ, ಜೇಡ ಇದ್ದ ಜಾಗದಲ್ಲಿ ಒಂದು ಮಸುಕು ಮಾತ್ರ ಕಾಣುತ್ತಿತ್ತು. ಶತ್ರುವಿಗೆ ತಾನು ಎಲ್ಲಿದ್ದೇನೆಂದು ಗೊತ್ತಾಗದಿರಲೆಂದು ಈ ಜಾತಿಯ ಜೇಡ ಹಾಗೆ ಮಾಡುತ್ತದೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ನೆಲದಿಂದ ಇಪ್ಪತ್ತಡಿ ಕೆಳಗೆ, ಹೆಲ್ಮೆಟ್ ಹಾಕಿಕೊಂಡು, ಒಬ್ಬಳೇ ನಿಂತು ಜೋರಾಗಿ ನಕ್ಕೆ. ನಿವೃತ್ತಿಯಾದ ಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ಅವತ್ತಿನಿಂದ ಪ್ರತಿ ಮಂಗಳವಾರ ಟಾರ್ಚು, ಡೈರಿ ಹಿಡಿದು ಬಿ-ಟೂನ ಬಲೆಗಳನ್ನು ಕಂಬದ ಪ್ರಕಾರ ಎಣಿಸುವುದು ನನಗೆ ಚಟವಾಯಿತು. ಮಂಗಳವಾರವೇ ಯಾಕೆಂದರೆ, ಅವತ್ತು ಯಾರೂ ಜೇಡರಬಲೆ ಹೊಡೆಯುವುದಿಲ್ಲ. ಹೊಡೆದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳಂತೆ. ಶುಕ್ರವಾರವೂ ಅಷ್ಟೇ. ಗುರುವಾರ ಕೂಡದೆಂದು ಮೂರನೇ ಮಹಡಿಯವರು ಹೇಳಿದ್ದರು, ಶನಿವಾರ ತಮ್ಮ ಕಾರಿನ ಮೇಲೆ ಪೊರಕೆ ಎತ್ತಲೇಬಾರದೆಂದು ಐದನೇ ಮಹಡಿಯವರು. ಭಾನುವಾರ ಕೆಲಸದವರಿಗೆ ರಜೆ. ಅಮಾವಾಸ್ಯೆ, ಏಕಾದಶಿ, ಗ್ರಹಣ ಇವೆಲ್ಲ ಬೇರೆ. ನೆಲದೊಳಗೆ ಲಕ್ಷ್ಮಿಗೆ ಏನು ಕೆಲಸ ಎಂದು ನಾನೊಮ್ಮೆ ಕೇಳಿದ್ದೆ. ಕಾರು ಅಲ್ಲೇ ತಾನೆ ಇರುವುದು ಎಂಬ ಉತ್ತರ ಬಂತು. ಒಟ್ಟಿನಲ್ಲಿ ಬಲೆ ಹೊಡೆಯಲು ಉಳಿಯುತ್ತಿದ್ದುದು ಸೋಮವಾರ ಮತ್ತು ಬುಧವಾರ. ಬಲೆ ಇದೆ ಎಂದು ದೂರು ಬರುತ್ತಿದ್ದುದು ವಾರದ ಏಳೂ ದಿನ.

ಈ ಪಂಚಾಂಗವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಕೆಲಸ ಮಾಡಬೇಕಾಗಿದ್ದವಳು ಒಬ್ಬ ಹೆಂಗಸು. ಮೇಲಿನ ಮಹಡಿಗಳನ್ನು ಗುಡಿಸಿ ಒರೆಸಲು ಬೇರೆಯವರಿದ್ದರು. ಆಕೆಯದು ನೆಲದೊಳಗಿನ ಎರಡು ಅಂತಸ್ತು ಮಾತ್ರ. ವಯಸ್ಸು ಐವತ್ತು ದಾಟಿತ್ತು. ಮನೆ ಇಟ್ಟಮಡುವಿನಲ್ಲಿ, ಬೇರೆಯವರಿಗೆ ಹತ್ತು ನಿಮಿಷದ ನಡಿಗೆ, ಮಂಡಿನೋವಿದ್ದ ಆಕೆಗೆ ಇಪ್ಪತ್ತು. ಬಸ್ಸಿನ ಮೆಟ್ಟಿಲು ಹತ್ತಲು ಆ ಮಂಡಿ ಬಿಡುತ್ತಿರಲಿಲ್ಲ. ಹಾಗಾಗಿ ನಡೆದು ಹೋಗುವಷ್ಟು ದೂರದಲ್ಲೇ ಕೆಲಸ ಬೇಕು, ಮತ್ತು ಅಷ್ಟು ದೂರದಲ್ಲಿ ಆಕೆಗಿದ್ದದ್ದು ಇದೊಂದೇ. ಸುತ್ತಲಿನ ಬೇರೆ ಕಟ್ಟಡಗಳಿಗೆಲ್ಲ ಏಜೆನ್ಸಿಯವರು ಬಂದುಬಿಟ್ಟಿದ್ದರು, ಅವರು ನಲವತ್ತು ದಾಟಿದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಇದನ್ನು ಆಕೆ ಗೋಳಾಡಿಕೊಂಡು ಹೇಳಿದವಳಲ್ಲ; ವಿಳಾಸ ಹೇಳುವ ಹಾಗೆ ಹೇಳಿದ್ದಳು.

ಆಕೆ ನನ್ನನ್ನು ಮೊದಲು ಕಂಡಾಗ ನಾನು ಯಾರದೋ ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಟಾರ್ಚು ಬಿಡುತ್ತಿದ್ದೆ. ಕೀ ಬಿತ್ತಾ ಎಂದು ಕೇಳಿದಳು. ಇಲ್ಲ ಎಂದೆ. ಓಲೆ ಬಿತ್ತಾ ಎಂದಳು. ಜೇಡ ಎಣಿಸುತ್ತಿದ್ದೇನೆ ಎಂದೆ. ಆಕೆ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು, ಎಷ್ಟಾಯಿತು ಎಂದು ಕೇಳಿದಳು. ಇಷ್ಟು ನೇರವಾದ ಪ್ರಶ್ನೆಯನ್ನು ನನಗೆ ಯಾವ ಶಾಲಾ ಇನ್‌ಸ್ಪೆಕ್ಟರೂ ಕೇಳಿರಲಿಲ್ಲ.

ಹೀಗೆ ಪಾಠ ಶುರುವಾಯಿತು. ಗುಹೆಗೆ ಮೂರು ವಲಯ ಎಂದು ಹೇಳಿದೆ: ಬಾಯಿ, ನಸುಗತ್ತಲು, ಪೂರ್ತಿ ಕತ್ತಲು. ನಮ್ಮ ಪಾರ್ಕಿಂಗೂ ಹಾಗೇ. ಕಾರು ಇಳಿಯುವ ರ‍್ಯಾಂಪಿನ ಬಾಯಲ್ಲಿ ಚಕ್ರದಂಥ ಬಲೆ ನೇಯುವ ಜೇಡಗಳು. ಬಿ-ಒನ್ನಿನ ನಸುಗತ್ತಲಲ್ಲಿ ಬಲೆಯ ಗೊಡವೆಯೇ ಇಲ್ಲದೆ ಜಿರಳೆ ಬೇಟೆಯಾಡುವ, ಅಂಗೈಯಗಲದ ಗೋಡೆಜೇಡ. ಬಿ-ಟೂನ ಕತ್ತಲಲ್ಲಿ ಈ ಕಡ್ಡಿಕಾಲಿನವು. ಕತ್ತಲಲ್ಲಿ ಗಿಡ ಬೆಳೆಯುವುದಿಲ್ಲವಾದ್ದರಿಂದ ಅಲ್ಲಿನವರ ಊಟವೆಲ್ಲ ಹೊರಗಿನಿಂದಲೇ ಬರಬೇಕು. ನಿಜವಾದ ಗುಹೆಯಲ್ಲಿ ಬಾವಲಿಗಳು ಹೊರಗೆ ತಿಂದು ಬಂದು ಒಳಗೆ ಹಿಕ್ಕೆ ಹಾಕುತ್ತವೆ, ಹಿಕ್ಕೆಯನ್ನು ಹುಳು ತಿನ್ನುತ್ತದೆ, ಹುಳುವನ್ನು ಜೇಡ ತಿನ್ನುತ್ತದೆ. ನಮ್ಮಲ್ಲಿ ಬಾವಲಿಯ ಕೆಲಸವನ್ನು ಕಾರುಗಳು ಮಾಡುತ್ತವೆ. ಊರಿಗೆ ಹೋಗಿಬಂದ ಕಾರಿನ ಮೂತಿಗೆ ಅಂಟಿದ ಪತಂಗ, ಹಿಂದಿನ ಸೀಟಿನಿಂದ ಉದುರಿದ ಬಿಸ್ಕತ್ತಿನ ಪುಡಿ, ಚಕ್ರಕ್ಕೆ ಮೆತ್ತಿಕೊಂಡು ಬಂದ ಸಗಣಿ. ಅದಕ್ಕೆ ನೊಣ, ನುಸಿ, ಅವಕ್ಕೆ ಜೇಡ. ಆದರೆ ಇದೆಲ್ಲ ಚಿಲ್ಲರೆ ಊಟ. ಬಿ-ಟೂನಲ್ಲಿ ವರ್ಷಕ್ಕೊಮ್ಮೆ ಆಗುವ ಔತಣವೆಂದರೆ ಆಯುಧಪೂಜೆ.

ಆಯುಧಪೂಜೆಯ ದಿನ ನಮ್ಮಲ್ಲಿ ಪ್ರತಿಯೊಂದು ಕಾರು, ಸ್ಕೂಟರು, ಮಕ್ಕಳ ಸೈಕಲ್ಲು, ಮೇಲಿನಿಂದ ಹೊತ್ತು ತಂದ ಒಂದು ಟ್ರೆಡ್‌ಮಿಲ್ಲು ಕೂಡ ಪೂಜೆ ಮಾಡಿಸಿಕೊಳ್ಳುತ್ತದೆ. ಪ್ರತಿಯೊಂದರ ಮುಂದೆಯೂ ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತಾರೆ. ದೃಷ್ಟಿ ತೆಗೆದ ಹೋಳನ್ನು ಅವತ್ತೇ ಬಾಚಿದರೆ ದೃಷ್ಟಿ ವಾಪಸ್ಸು ಬರುತ್ತದಂತೆ. ಮರುದಿನ ವಿಜಯದಶಮಿ, ಆಕೆಗೆ ರಜೆ. ಆಕೆ ಬಂದು ಬಾಚುವ ಹೊತ್ತಿಗೆ ರಸ, ತಿರುಳು, ಬೀಜ ಎಲ್ಲ ಬಿ-ಟೂನ ಮೋರಿಗೆ ಇಳಿದಿರುತ್ತದೆ. ಮೋರಿಯ ಮೇಲೆ ಕಬ್ಬಿಣದ ಜಾಲರಿ. ಪೊರಕೆ ಒಳಗೆ ಹೋಗದು. ಅಲ್ಲಿ ನುಸಿ ಹುಟ್ಟುತ್ತದೆ, ನುಸಿಯ ಹಿಂದೆ ಜೇಡ ಹುಟ್ಟುತ್ತದೆ, ಹದಿನೈದು ದಿನದಲ್ಲಿ ಕಂಬಕಂಬಕ್ಕೂ ಬಲೆ. ನನ್ನ ಐದು ವರ್ಷದ ಡೈರಿಯಲ್ಲಿ ಐದು ವರ್ಷವೂ ಇದೇ ಕಥೆ ಇತ್ತು.

ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮನೇಲಿ ಕುಂಬ್ಳಕಾಯಿ ಒಡಿಯಲ್ಲ ಮಿಸ್. ನಾವು ಬೌದ್ಧರು. ಮಜ್ಜಿಗೆಹುಳಿ ಮಾಡ್ಕೊಂಡು ತಿಂತೀವಿ" ಎಂದಳು.

ಕಳೆದ ವರ್ಷದವರೆಗೂ ಜೇಡಗಳ ಪಾಡು ಜೇಡಗಳಿಗೆ, ನನ್ನ ಪಾಡು ನನಗೆ. ಕೆಟ್ಟಿದ್ದು ಅಸೋಸಿಯೇಷನ್ನಿನ ಅಧ್ಯಕ್ಷರಿಂದ. ಯಾವುದೋ ಕಂಪನಿಯಲ್ಲಿ ದೊಡ್ಡ ಮ್ಯಾನೇಜರು, ಬೋಳುತಲೆ, ಒಳ್ಳೆಯ ಮನುಷ್ಯ, ಎಲ್ಲದಕ್ಕೂ ಚಾರ್ಟು ಬರೆಯುವ ರೋಗ. ಅವರು ಒಂದು ದಿನ ಬಿ-ಟೂನ ಹೊರತುದಿಯಿಂದ ಕಾರು ತೆಗೆದುಕೊಂಡು ಆಫೀಸಿಗೆ ಹೋಗಿ, ವಿದೇಶದವರ ಜೊತೆ ವಿಡಿಯೊ ಮೀಟಿಂಗಿನಲ್ಲಿ ಕೂತಿದ್ದಾಗ, ಅವರ ನೆತ್ತಿಯಿಂದ ಒಂದು ಜೇಡ ನೂಲು ಬಿಟ್ಟುಕೊಂಡು ಮೂಗಿನ ಮುಂದೆ ಇಳಿಯಿತಂತೆ. ಆ ಕಡೆಯವರು ನಕ್ಕರಂತೆ. ಸಂಜೆ ತುರ್ತುಸಭೆ ಕರೆದರು.

ಔಷಧಿ ಹೊಡೆಸೋಣವೆಂದರೆ ಕುಡಿಯುವ ನೀರಿನ ಸಂಪು ಬಿ-ಟೂನಲ್ಲೇ ಇದೆ, ಹೆಂಗಸರು ಒಪ್ಪಲಿಲ್ಲ. ಆಗ ಅಧ್ಯಕ್ಷರು, ಯಾವುದನ್ನು ಅಳೆಯುತ್ತೇವೋ ಅದು ಸರಿಹೋಗುತ್ತದೆ ಎಂದರು. ಬಲೆ ಸೂಚ್ಯಂಕ ಎಂಬುದೊಂದು ಹುಟ್ಟಿತು. ವಾರಕ್ಕೊಮ್ಮೆ ಬಲೆ ಎಣಿಸುವುದು, ಚಾರ್ಟಿಗೆ ಏರಿಸುವುದು, ದಸರೆಯಾದ ಮೇಲೆ ಬರುವ ವಾರ್ಷಿಕ ಸಭೆಯ ಹೊತ್ತಿಗೆ ಸೊನ್ನೆಗೆ ಇಳಿಸುವುದು. ಸೊನ್ನೆಯಾಗದಿದ್ದರೆ ಈ ಹೆಂಗಸನ್ನು ಬಿಡಿಸಿ, ಮೆಷಿನ್ನು ಇಟ್ಟುಕೊಂಡಿರುವ ಏಜೆನ್ಸಿಗೆ ಕೆಲಸ ಕೊಡುವುದು. ಎಣಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಡೈರಿಯ ಬಗ್ಗೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಕೊಚ್ಚಿಕೊಂಡಿದ್ದು ನಾನೇ ತಾನೆ.

ನಾನು ಬೇಡವೆನ್ನಬೇಕಿತ್ತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ನನಗೆ ಖುಷಿಯಾಯಿತು. ನಿವೃತ್ತಿಯಾದ ಐದು ವರ್ಷದಲ್ಲಿ ಯಾರೊಬ್ಬರೂ ನನಗೆ ಗೊತ್ತಿರುವುದನ್ನು ಕೇಳಿರಲಿಲ್ಲ. ಈಗ ಇಪ್ಪತ್ತು ಜನ ಕೇಳುತ್ತಿದ್ದರು. ಕತ್ತಿಗೆ ಒಂದು ಗುರುತಿನ ಚೀಟಿ ಹಾಕಿದರು, ಅದರಲ್ಲಿ ಬಲೆ ಆಡಿಟರ್ ಎಂದಿತ್ತು. ಅದನ್ನು ಹಾಕಿಕೊಂಡೇ ತರಕಾರಿಗೆ ಹೋಗಿಬಂದೆ.

ಮಾರನೆಯ ದಿನ ಆಕೆಗೆ ವಿಷಯ ಹೇಳುವಾಗ ಮಾತ್ರ ಚೀಟಿಯನ್ನು ಸೆರಗಿನೊಳಗೆ ಸೇರಿಸಿಕೊಂಡೆ. ಆಕೆ ಎಲ್ಲ ಕೇಳಿ ಸೊನ್ನೆ ಆಗುತ್ತದಾ ಎಂದಳು. ಪೊರಕೆ ಬಲೆಯನ್ನು ಕೆಡವುತ್ತದೆ, ಜೇಡವನ್ನಲ್ಲ ಎಂದೆ. ಜೇಡ ಪೈಪಿನ ಹಿಂದೆ ಹೋಗಿ ಕೂತು ಬೆಳಗಾಗುವುದರೊಳಗೆ ಮತ್ತೆ ಕಟ್ಟುತ್ತದೆ, ಅದಕ್ಕೆ ಪಂಚಾಂಗವಿಲ್ಲ, ಮೋರಿಯ ಊಟ ಇರುವವರೆಗೆ ಅದು ಹೋಗದು. ಅದರಲ್ಲೂ ಆಯುಧಪೂಜೆ ಮುಗಿದ ಹದಿನೈದನೇ ದಿನ ಸೊನ್ನೆ ಎಂಬುದು ಆಗದ ಹೋಗದ ಮಾತು.

"ಅಂದ್ರೆ ಅವ್ರು ಒಡೀತಾರೆ, ನಾನು ಕೆಲ್ಸ ಕಳ್ಕೋತೀನಿ" ಎಂದಳು.

ನನ್ನ ಪಾಠವನ್ನು ಇಷ್ಟು ಚಿಕ್ಕದಾಗಿ ಯಾವ ಹುಡುಗಿಯೂ ಪರೀಕ್ಷೆಯಲ್ಲಿ ಬರೆದಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅದೇ ವಾರ ಸಭೆಗೆ ಹೋಗಿ, ಈ ವರ್ಷ ಕುಂಬಳಕಾಯಿಯನ್ನು ಬೇಸ್‌ಮೆಂಟಿನಲ್ಲಿ ಒಡೆಯಬಾರದು ಎಂದೆ. ಯಾರ ಹೆಸರನ್ನೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಗಾದೆಯನ್ನು ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೆ, ಕುಂಬಳಕಾಯಿಯ ವಿಷಯದಲ್ಲೇ ಅದು ನಡೆಯುವುದನ್ನು ನೋಡಿದ್ದು ಅವತ್ತೇ. ನಮ್ಮದು ಸಣ್ಣ ಕಾಯಿ ಎಂದು ಒಬ್ಬರು, ನಾವು ತಟ್ಟೆಯ ಮೇಲೆ ಒಡೆಯುತ್ತೇವೆ ಎಂದು ಇನ್ನೊಬ್ಬರು, ನಮ್ಮದು ಎಲೆಕ್ಟ್ರಿಕ್ ಕಾರು, ನಿಂಬೆಹಣ್ಣು ಮಾತ್ರ ಎಂದು ಮತ್ತೊಬ್ಬರು. ನಾನು ನುಸಿಯ ಜೀವನಚಕ್ರವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅದು ಯಾರ ಮನೆಯ ನುಸಿ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು.

ಕೊನೆಗೆ ಕಾರ್ಯದರ್ಶಿಗಳು ಎದ್ದರು. ಈ ಕಟ್ಟಡ ನಿಂತಿರುವ ಜಾಗ ಒಂದು ಕಾಲಕ್ಕೆ ಅವರ ಮನೆಯವರ ರಾಗಿ ಹೊಲ. ಹೊಲ ಹೋಗಿ ಅವರ ಪಾಲಿಗೆ ಒಂಬತ್ತು ಮನೆ ಬಂದಿವೆ. ಬಾಡಿಗೆಯವರ ಮುಂದೆಯೂ ಹೊಲದ ಬದುವಿನ ಮೇಲೆ ನಿಂತ ಹಾಗೇ ನಿಲ್ಲುತ್ತಾರೆ. ರಸ್ತೆಯಲ್ಲಿ ಒಡೆದರೆ ಬೈಕಿನವರು ಜಾರಿ ಬೀಳುತ್ತಾರೆ, ಹೋದ ವರ್ಷ ಪಕ್ಕದ ಬೀದಿಯಲ್ಲಿ ಇಬ್ಬರು ಬಿದ್ದರು, ನಾಗರಿಕ ಪ್ರಜ್ಞೆಯಿಂದ ನಾವು ಒಳಗೆ ಒಡೆಯುತ್ತಿದ್ದೇವೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಾರಿ ಬೀಳುವುದು ನಿಜವಾದ್ದರಿಂದ ನಾನೂ ಬೋರ್ಡು ಒರೆಸಿ ಕೂತೆ. ನಾಗರಿಕ ಪ್ರಜ್ಞೆಯ ಹೆಸರಿನಲ್ಲಿ ಆ ವರ್ಷ ಪಕ್ಕದ ಬೀದಿಯ ಎರಡು ಮನೆಯವರಿಗೂ ನಮ್ಮ ಬೇಸ್‌ಮೆಂಟಿನಲ್ಲಿ ಒಡೆಯಲು ಅನುಮತಿ ಕೊಟ್ಟರು.

ಪೂಜೆ ಆಯಿತು. ಕುಂಬಳಕಾಯಿಗಳು ಒಡೆದವು. ಮೂರನೇ ದಿನ ಆಕೆ ಬಂದು ಹೋಳು ಬಾಚಿದಳು, ಐದನೇ ದಿನ ಮೋರಿಯಿಂದ ಹುಳಿವಾಸನೆ ಎದ್ದಿತು, ಒಂಬತ್ತನೇ ದಿನ ಜಾಲರಿಯ ಮೇಲೆ ನುಸಿ ಹೊಗೆಯ ಹಾಗೆ ಏಳುತ್ತಿತ್ತು. ಆಡಿಟರ್ ಆದ ನಾನು ಮಂಗಳವಾರಕ್ಕೆ ಕಾಯದೆ ದಿನವೂ ಡೈರಿ ಹಿಡಿದು ಎಣಿಸಿದೆ. ಬಲೆಗಳು ಏರುತ್ತಲೇ ಹೋದವು. ಬಾಯಲ್ಲಿ ಮೊಟ್ಟೆಯ ಗೊಂಚಲು ಕಚ್ಚಿಕೊಂಡು ನೇತಾಡುವ ತಾಯಿಜೇಡಗಳು ಕಂಬಕ್ಕೆ ನಾಲ್ಕು. ಬೇರೆ ವರ್ಷವಾಗಿದ್ದರೆ ಕುಣಿದಾಡುತ್ತಿದ್ದೆ. ಆ ವರ್ಷ ಒಂದೊಂದು ಬಲೆ ಬರೆದುಕೊಳ್ಳುವಾಗಲೂ ಆಕೆಯ ಕೆಲಸದಿಂದ ಒಂದೊಂದು ತುಂಡು ಕತ್ತರಿಸಿದ ಹಾಗಾಗುತ್ತಿತ್ತು. ಆಕೆ ಒಂದು ತುದಿಯಿಂದ ಕೋಲುಪೊರಕೆ ಆಡಿಸುತ್ತ ಬರುವಳು, ನಾನು ಇನ್ನೊಂದು ತುದಿಯಿಂದ ಎಣಿಸುತ್ತ ಬರುವೆ, ನಡುವೆ ಎಲ್ಲೋ ಎದುರಾದರೆ ಇಬ್ಬರೂ ಮುಖ ತಪ್ಪಿಸುವೆವು. ಅಧ್ಯಕ್ಷರು ಪ್ರತಿ ವಾರ ಚಾರ್ಟನ್ನು ವಾಟ್ಸಾಪ್ ಗುಂಪಿಗೆ ಹಾಕಿ, ಕೆಂಪು ಬಣ್ಣ ಬಳಿದು, ಅಳುವ ಮುಖದ ಚಿತ್ರ ಹಾಕುವರು.

ವಾರ್ಷಿಕ ಸಭೆ ಭಾನುವಾರ. ಹಿಂದಿನ ದಿನ ಬೆಳಿಗ್ಗೆ ನಾನು ತೀರ್ಮಾನ ಮಾಡಿದೆ. ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿನಿಗೂ ಅರ್ಧ ಅಂಕ ಸುಮ್ಮನೆ ಕೊಟ್ಟವಳಲ್ಲ ನಾನು. ಹೆಡ್‌ಮಿಸ್ಸಿನ ಸ್ವಂತ ತಂಗಿಯ ಮಗಳನ್ನು ಫೇಲು ಮಾಡಿ, ಆರು ತಿಂಗಳು ಸ್ಟಾಫ್‌ರೂಮಿನಲ್ಲಿ ಒಬ್ಬಳೇ ಊಟ ಮಾಡಿದವಳು. ಅಂಥವಳು ಡೈರಿ ತೆಗೆದು, ಕೊನೆಯ ವಾರದ ಸಾಲಿನಲ್ಲಿ ದುಂಡಗೆ ಒಂದು ಸೊನ್ನೆ ಬರೆದೆ. ಯಾರೂ ಕಂಬಕಂಬಕ್ಕೂ ಟಾರ್ಚು ಬಿಟ್ಟು ನೋಡುವುದಿಲ್ಲ, ಅವರಿಗೆ ಬೇಕಿರುವುದು ಚಾರ್ಟು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದುಕೊಂಡೆ. ಕಾಪಿ ಹೊಡೆಯುವ ಹುಡುಗಿಯ ಹಾಗೆ ಒಮ್ಮೆ ಹಿಂದೆ ತಿರುಗಿ ನೋಡಿ ಡೈರಿ ಮುಚ್ಚಿದೆ.

ಕೆಳಗೆ ಹೋಗಿ ಆಕೆಗೆ ಹೇಳಿದೆ. ನಾಳೆ ಸೊನ್ನೆ ಎಂದು ಓದುತ್ತೇನೆ, ನೀನು ಇನ್ನು ಮಂಡಿ ಮುರಿದುಕೊಳ್ಳಬೇಡ, ಮನೆಗೆ ಹೋಗಿ ಮಲಗು ಎಂದೆ. ಆಕೆಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆಕೆ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದಳು.

"ನನ್ಗೋಸ್ಕರ ನೀವ್ಯಾಕೆ ಸುಳ್ಳು ಹೇಳ್ಬೇಕು ಮಿಸ್" ಎಂದಳು.

ನನ್ನ ಸುಳ್ಳು ನನ್ನ ಪಾಡು, ನಿನಗೇಕೆ ಅದು ಎಂದು ಗದರಿದೆ. ಒಳ್ಳೆಯ ಕೆಲಸ ಮಾಡುವಾಗ ನನಗೆ ಸಿಟ್ಟು ಜಾಸ್ತಿ.

ಭಾನುವಾರ ಹತ್ತು ಗಂಟೆಗೆ ಟೆರೇಸಿನ ಮೇಲೆ ಶಾಮಿಯಾನದ ಕೆಳಗೆ ಸಭೆ. ಹಿಂದೆ ಬಿಸಿಬೇಳೆಬಾತಿನ ಪಾತ್ರೆ. ಲಿಫ್ಟಿನ ವಿಷಯ, ನೀರಿನ ಟ್ಯಾಂಕರಿನ ವಿಷಯ, ಏಳನೇ ಮಹಡಿಯ ನಾಯಿಯ ವಿಷಯ ಎಲ್ಲ ಮುಗಿದು ಬಲೆ ಸೂಚ್ಯಂಕ ಬಂತು. ನಾನು ಎದ್ದು, ಕನ್ನಡಕ ಸರಿಮಾಡಿಕೊಂಡು, ಸೊನ್ನೆ ಎಂದೆ. ಚಪ್ಪಾಳೆ ಬಿತ್ತು. ಅಧ್ಯಕ್ಷರು ಪರದೆಯ ಮೇಲೆ ಚಾರ್ಟು ತೋರಿಸಿದರು. ಬೆಟ್ಟ ಹತ್ತಿದ ಗೆರೆ ಒಂದೇ ಸಲ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಅವರ ಕಣ್ಣಲ್ಲಿ ನೀರಾಡಿತು ಎಂದರೆ ನೀವು ನಂಬಲಿಕ್ಕಿಲ್ಲ. ಗುರಿ ಮುಟ್ಟಿದ್ದೇವೆ, ಯೋಜನೆ ಮುಗಿದಿದೆ ಎಂದರು.

ನಾನು ಕೂತೆ. ಗೆದ್ದೆ ಎಂದುಕೊಂಡು ಕೂತೆ. ಆಗ ಕಾರ್ಯದರ್ಶಿಗಳು ಕೈ ಎತ್ತಿದರು.

"ಬಲೆನೇ ಇಲ್ಲ ಅಂದ್ಮೇಲೆ ಬಲೆ ಹೊಡ್ಯೋಕೆ ಒಬ್ರು ಯಾಕೆ ಸಾರ್?"

ಅಧ್ಯಕ್ಷರು ಗಲ್ಲ ಸವರಿಕೊಂಡು, ಇದು ತಾರ್ಕಿಕವಾದ ಮುಂದಿನ ಹೆಜ್ಜೆ ಎಂದರು. ಬೇಸ್‌ಮೆಂಟಿನ ಕಸವನ್ನು ಮೇಲಿನ ಮಹಡಿಗಳ ಕೆಲಸದವರೇ ವಾರಕ್ಕೊಮ್ಮೆ ಬಂದು ಗುಡಿಸಬಹುದು. ಏಜೆನ್ಸಿಯೂ ಬೇಡ, ಆಕೆಯೂ ಬೇಡ. ಆದರೆ ಇಂಥ ಸಾಧನೆ ಮಾಡಿದವಳನ್ನು ಹಾಗೇ ಕಳಿಸಬಾರದು, ಸನ್ಮಾನ ಮಾಡಿ ಕಳಿಸಬೇಕು ಎಂದು ಯಾರೋ ಹೇಳಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಹಣ್ಣಿನ ಬುಟ್ಟಿಯಲ್ಲಿ ಕಿವಿ ಹಣ್ಣು ಇರಬೇಕೇ ಬೇಡವೇ ಎಂಬುದರ ಮೇಲೆ ಚರ್ಚೆ ಶುರುವಾಯಿತು. ಆಕೆಯ ಕೆಲಸ ಹೋದ ವಿಷಯಕ್ಕೆ ಅಷ್ಟು ಚರ್ಚೆಯೂ ಆಗಿರಲಿಲ್ಲ.

ಚರ್ಚೆಯ ನಡುವೆಯೇ ಎದ್ದು ನಿಂತು, ನಾನು ಸುಳ್ಳು ಹೇಳಿದ್ದೇನೆ, ಕೆಳಗೆ ಬೇಕಾದಷ್ಟು ಬಲೆ ಇದೆ, ಸೊನ್ನೆ ನಾನು ಬರೆದದ್ದು ಎಂದೆ. ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಮೇಡಂ, ಡೇಟಾ ನಿಮ್ಮದೇ ಅಲ್ಲವೇ ಎಂದರು ಅಧ್ಯಕ್ಷರು. ಡೇಟಾ ಸುಳ್ಳು ಎಂದೆ. ಮೇಡಂಗೆ ಆಕೆಯ ಮೇಲೆ ಅಭಿಮಾನ, ಅದಕ್ಕೇ ಹೀಗೆ ಹೇಳುತ್ತಿದ್ದಾರೆ ಎಂದು ಪಕ್ಕದವರು ಸಮಾಧಾನ ಹೇಳಿದರು. ಜೀವಮಾನದಲ್ಲಿ ಹೇಳಿದ ಒಂದೇ ಸುಳ್ಳನ್ನು ಎಲ್ಲರೂ ನಂಬಿದರು. ಆಮೇಲೆ ಹೇಳಿದ ನಿಜವನ್ನು ಒಬ್ಬರೂ ನಂಬಲಿಲ್ಲ. ನಾನು ಕಿರುಚಿದೆ. ಬನ್ನಿ, ಕೆಳಗೆ ಬಂದು ಕಣ್ಣಿಂದ ನೋಡಿ ಎಂದು ಕಿರುಚಿದೆ.

ಇಪ್ಪತ್ತು ಇಪ್ಪತ್ತೈದು ಜನ ನನ್ನ ಹಿಂದೆ ಹೊರಟರು. ಕೆಲವರ ಕೈಯಲ್ಲಿ ಆಗಲೇ ಬಿಸಿಬೇಳೆಬಾತಿನ ತಟ್ಟೆ ಇತ್ತು. ಕಟ್ಟಡಕ್ಕೆ ಬಂದಂದಿನಿಂದ ಬಿ-ಟೂ ನೋಡದ ಬಿ-ಒನ್ನಿನವರೂ ಉತ್ಸಾಹದಿಂದ ಬಂದರು. ಮೊಬೈಲ್ ಟಾರ್ಚು ಹಚ್ಚಿಕೊಂಡು ಸಾಲಾಗಿ ರ‍್ಯಾಂಪು ಇಳಿದೆವು.

ಒಂದನೇ ಕಂಬದಲ್ಲಿ ಬಲೆ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ನಾನು ಬೇಗಬೇಗ ನಡೆದೆ. ಆರು, ಏಳು, ಎಂಟು. ನೆಲ ಒದ್ದೆ ಇತ್ತು, ಫಿನಾಯಿಲ್ ವಾಸನೆ. ಪೈಪುಗಳ ಹಿಂದೆ ಟಾರ್ಚು ಬಿಟ್ಟೆ. ಮೀಟರ್ ಪೆಟ್ಟಿಗೆಯ ಸಂದು, ಮೆಟ್ಟಿಲಿನ ಅಡಿ, ನನ್ನ ಸ್ಕೂಟರಿನ ಕೆಳಗೆ ನೋಡಿದೆ. ಏನೂ ಇಲ್ಲ. ಕೊನೆಗೆ ಮೋರಿಯ ಹತ್ತಿರ ಬಂದರೆ, ಕಬ್ಬಿಣದ ಜಾಲರಿಗಳನ್ನೆಲ್ಲ ಎತ್ತಿ ಗೋಡೆಗೆ ಒರಗಿಸಿತ್ತು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಒಳಗೆ ಕುಂಬಳದ ಒಂದು ಬೀಜ ಉಳಿದಿರಲಿಲ್ಲ. ಕಾಂಕ್ರೀಟು ಬೆಳ್ಳಗೆ ಕಾಣುವವರೆಗೆ ತಿಕ್ಕಿತ್ತು. ಬಲೆಯನ್ನು ಕೆಡವಿದರೆ ಸಾಲದು, ಊಟವನ್ನು ತೆಗೆಯಬೇಕು ಎಂಬ ನನ್ನ ಪಾಠವನ್ನು ಆಕೆ ಅಕ್ಷರ ಬಿಡದೆ ಮಾಡಿ ಮುಗಿಸಿದ್ದಳು. ನಾನು ಮಂಡಿಯೂರಿ ಮೋರಿಯೊಳಗೆ ಕೈ ಹಾಕಿ ತಡಕಿದೆ. ಒಂದು ನೂಲಿನ ಎಳೆ ಸಿಕ್ಕರೆ ಸಾಕು ಎಂದು ದೇವರನ್ನು ಬೇಡಿಕೊಂಡೆ, ದೇವರ ಮೇಲೆ ಅಂಥ ನಂಬಿಕೆ ಇರುವವಳಲ್ಲ. ಹಿಂದಿನಿಂದ ಅಧ್ಯಕ್ಷರು ಮೆಲ್ಲಗೆ, ಸಾಕು ಏಳಿ ಮೇಡಂ, ಸೊನ್ನೆನೇ ಎಂದರು. ಒಬ್ಬರು ಫೋಟೊ ತೆಗೆದರು.

ಎಲ್ಲರೂ ಊಟಕ್ಕೆ ಮೇಲೆ ಹೋದರು. ಆಕೆಗೆ ತಿಳಿಸುವ ಕೆಲಸವನ್ನು, ನೀವಿಬ್ಬರೂ ಅನ್ಯೋನ್ಯ ಎಂದು ಹೇಳಿ, ನನಗೇ ವಹಿಸಿದರು.

ಆಕೆ ಗೇಟಿನ ಪಕ್ಕದ ಪಂಪ್‌ರೂಮಿನ ಕಟ್ಟೆಯ ಮೇಲೆ ಒಂದು ಕಾಲು ನೀಡಿಕೊಂಡು ಕೂತಿದ್ದಳು. ರಜೆಯ ದಿನ ಬೆಳಕು ಹರಿಯುವ ಮೊದಲೇ ಬಂದಿದ್ದಳಂತೆ. ಅಂಗೈಯಲ್ಲಿ ಜಾಲರಿಯ ಕಬ್ಬಿಣದ ಗುರುತು ಕೆಂಪಗೆ ಮೂಡಿತ್ತು, ಮಂಡಿ ಊದಿತ್ತು. ನನ್ನನ್ನು ಕಂಡು ಏಳಲು ಹೋದಳು, ಆಗಲಿಲ್ಲ. ನಾನು ಪಕ್ಕದಲ್ಲಿ ಕೂತೆ.

"ನೋಡಿದ್ರಾ ಮಿಸ್? ನಿಮ್ಮಾತು ಸುಳ್ಳಾಗ್ಬಾರ್ದು ಅಂತ ಮಾಡ್ದೆ. ಒಂದೂ ಸಾಯ್ಸಿಲ್ಲ. ಬಕೆಟ್‌ನಲ್ಲಿ ಹಿಡ್ದು ಪಕ್ಕದ್ ಖಾಲಿ ಸೈಟಿಗೆ ಬಿಟ್ಟೆ."

ಪರೀಕ್ಷೆ ಚೆನ್ನಾಗಿ ಬರೆದು ಬಂದವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಒಂದೂ ಉಳಿದಿರಲಿಲ್ಲ ಎಂದೆ. ಆಮೇಲೆ, ಹೇಳಲೇಬೇಕಿತ್ತಾದ್ದರಿಂದ, ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಕಾರ್ಯದರ್ಶಿಗಳು ಕೇಳಿದ ಪ್ರಶ್ನೆ, ಶಾಲು, ಹಣ್ಣಿನ ಬುಟ್ಟಿ, ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ ಎಂಬುದು. ಹೇಳುತ್ತ ಹೇಳುತ್ತ ನಾನು ಅತ್ತುಬಿಟ್ಟೆ. ಆಕೆ ಅಳಲಿಲ್ಲ. ನೆಲ ನೋಡುತ್ತ, ತಪ್ಪು ಎಲ್ಲಾಯಿತೆಂದು ಲೆಕ್ಕ ಹಾಕುವವಳ ಹಾಗೆ ಕೂತಿದ್ದು, ಕೊನೆಗೆ ತಲೆ ಎತ್ತಿದಳು.

"ಹಂಗಾದ್ರೆ ಒಂದಾದ್ರೂ ಬಿಟ್ಟಿರ್ಬೇಕಿತ್ತು ಅಲ್ವಾ ಮಿಸ್" ಎಂದಳು.